ಬದಲಿ ಗೇರ್ ಲಿವರ್ ಮತ್ತು ಹೂವಪ್ಪನ ಊಟದ ಕೊಕ್ಕೆ

೨೦೧೪ನೆಯ ಇಸವಿಯಲ್ಲಿ ನನಗೆ ನಲವತ್ತೊಂದು ವರ್ಷ. ಹದಿನೇಳು ವರ್ಷ ಕನ್ನಡ ಕಲಿಸಿದ್ದ ಪ್ರೌಢಶಾಲೆ ಆ ಬೇಸಿಗೆಯಲ್ಲಿ ಮಕ್ಕಳಿಲ್ಲದೆ ಮುಚ್ಚಿತು. ಮಳೆಗಾಲ ಮುಗಿಯುವಷ್ಟರಲ್ಲಿ ನಾನು ಸಾಗರದ ಒಂದು ಸೈಕಲ್ ಪ್ರವಾಸ ಸಂಸ್ಥೆಯಲ್ಲಿ ಸೈಕಲ್ಲುಗಳ ಉಸ್ತುವಾರಿ ವಹಿಸಿಕೊಂಡಿದ್ದೆ. ಸಂಸ್ಥೆಯ ಒಡತಿ ವಾರಿಜಾ ಮೇಡಂ. ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಸಂದರ್ಶನ ಎರಡು ನಿಮಿಷದಲ್ಲಿ ಮುಗಿಯಿತು.

"ಮೇಷ್ಟ್ರೇ, ಸೈಕಲ್ ರಿಪೇರಿ ಬರುತ್ತಾ?"

"ನನ್ನ ಸೈಕಲ್ಲನ್ನು ಇಪ್ಪತ್ತು ವರ್ಷದಿಂದ ಬೇರೆಯವರ ಕೈಗೆ ಕೊಟ್ಟಿಲ್ಲ."

"ಸಾಕು. ನಮ್ಮ ಹುಡುಗಿ ಈಗ್ಲೂ ನಿಮ್ಮ ಹೆಸರು ಕೇಳಿದ್ರೆ ಎದ್ದು ನಿಲ್ತಾಳೆ. ಸೈಕಲ್ಲೂ ಹಂಗೇ ನಿಲ್ತವೆ ಬಿಡಿ."

"ಸೈಕಲ್ಲು ನಿಲ್ಲಬಾರದು ಮೇಡಂ, ಓಡಬೇಕು."

"ನೋಡಿ, ಕೆಲಸ ಏನು ಅಂತ ನಿಮಗೇ ಗೊತ್ತಿದೆ."

ಹತ್ತು ವರ್ಷ ಆ ಕೆಲಸ ಮಾಡಿ, ಮೊಣಕಾಲುಗಳ ಸಲಹೆಯ ಮೇರೆಗೆ ಕಳೆದ ವರ್ಷ ನಿವೃತ್ತನಾದೆ. ಬಡ್ತಿಯ ವಿಚಾರ ಬರೆಯಲು ಏನೂ ಇಲ್ಲ. ಈ ಕೆಲಸದಲ್ಲಿ ಏರುವುದೆಂದರೆ ಘಾಟಿಯನ್ನು ಮಾತ್ರ. ಈಗ ಈ ವೃತ್ತಿಗೆ ಬರುತ್ತಿರುವ ಕಿರಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ದಾರಿಯಲ್ಲಿ ಗೇರ್ ಲಿವರ್ ಮುರಿದರೆ ಹಾಕಲು ಯಾವ ಬದಲಿ ಲಿವರನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು? ಒಂದು ಸಾಲಿನಲ್ಲಿ ಉತ್ತರಿಸಬಹುದು. ಆದರೆ ಆ ಒಂದು ಸಾಲನ್ನು ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷದ ದಂಡವನ್ನು ನನ್ನ ಬದಲು ತೆತ್ತವರು ಕುಸುಮಾವತಿ ಎಂಬ ನಿವೃತ್ತ ದಾದಿ. ಆದ್ದರಿಂದ ಉತ್ತರವನ್ನು ಅವರ ಕಥೆಯೊಂದಿಗೇ ಹೇಳುವುದು ನ್ಯಾಯ.

ಮೊದಲು ನಮ್ಮ ಪ್ರವಾಸದ ಕ್ರಮ. ನವೆಂಬರಿನಿಂದ ಫೆಬ್ರವರಿಯವರೆಗೆ, ಒಂದು ತಂಡದಲ್ಲಿ ಹತ್ತು ಸವಾರರು. ಹಿನ್ನೀರಿನ ದಂಡೆಯ ಹೊನ್ನೆಮರಡಿನಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಹೊರಟರೆ, ಮೊದಲ ದಿನ ಹೊಸನಗರ. ಎರಡನೆಯ ದಿನ ಕೋಣಂದೂರಿನ ಮೂಲಕ ತೀರ್ಥಹಳ್ಳಿ. ಮೂರನೆಯ ದಿನ ಆಗುಂಬೆ. ಹಿಂದೆ ಒಂದು ಜೀಪು. ಅದರಲ್ಲಿ ನಾನು, ನನ್ನ ಪೆಟ್ಟಿಗೆ ಮತ್ತು ಚಾಲಕ ಹೂವಪ್ಪ. ಸವಾರರಿಗೆ ಸುಸ್ತಾದರೆ ಜೀಪು ಹತ್ತಬಹುದು, ಅಡ್ಡಿಯಿಲ್ಲ. ಆದರೆ ಒಮ್ಮೆಯೂ ಹತ್ತದೆ ಆಗುಂಬೆ ಮುಟ್ಟಿದವರ ಹೆಸರನ್ನು ಸಾಗರದ ನಮ್ಮ ಶೆಡ್ಡಿನ ಗೋಡೆಗೆ ತೂಗುಹಾಕಿದ ಹಲಸಿನ ಹಲಗೆಯ ಮೇಲೆ ಬರೆಯುವುದು ಪದ್ಧತಿ. ದಾರಿಯಲ್ಲಿ ಸೈಕಲ್ಲು ಕೆಟ್ಟರೆ ರಿಪೇರಿ ಮಾಡಿಸಿಕೊಳ್ಳಲು ಅವಕಾಶವಿದೆ, ಬೇರೆ ಸೈಕಲ್ಲು ಹತ್ತುವಂತಿಲ್ಲ. ಕತ್ತಲಾಗುವ ಮುನ್ನ ಆ ದಿನದ ತಂಗುದಾಣ ಸೇರಬೇಕು, ಅಷ್ಟೇ. ಹಲಗೆಯ ಬರವಣಿಗೆ ನನ್ನದು. ಬಿಳಿಯ ಹಲಗೆ, ಕಪ್ಪು ಬಣ್ಣ, ನಂಬರ್ ಎರಡರ ಕುಂಚ. ಕಪ್ಪುಹಲಗೆಯ ಮೇಲೆ ಬಿಳಿ ಬರೆದು ಬದುಕಿದವನಿಗೆ ಈ ಅದಲುಬದಲು ಒಗ್ಗಲು ಒಂದು ವರ್ಷ ಬೇಕಾಯಿತು.

೨೦೧೮ರಲ್ಲಿ ಮೇಡಂ ಹನ್ನೆರಡು ಹೊಸ ಟೂರಿಂಗ್ ಸೈಕಲ್ಲುಗಳನ್ನು ತರಿಸಿದರು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು. ಬ್ರೇಕಿನ ಹಿಡಿಯೊಳಗೇ ಗೇರ್ ಲಿವರ್. ಬಲಗೈಯ ಲಿವರು ಹಿಂದಿನ ಚಕ್ರದ ಎಂಟು ಹಲ್ಲುಬಿಲ್ಲೆಗಳ ಮೇಲೆ ಚೈನನ್ನು ಆಚೀಚೆ ದಾಟಿಸುತ್ತದೆ. ಎಡಗೈಯದು ಪೆಡಲಿನ ಬಳಿಯ ಮೂರು ಬಿಲ್ಲೆಗಳ ಮೇಲೆ. ಒಮ್ಮೆ ಒತ್ತಿದರೆ ಒಂದು "ಟಕ್". ಒಂದು ಟಕ್ಕಿಗೆ ಒಂದು ಬಿಲ್ಲೆ. ನನಗೆ ಆ ಟಕ್ ಎಷ್ಟು ಪ್ರಿಯವಾಯಿತೆಂದರೆ, ಮೊದಲ ವಾರ ಸುಮ್ಮನೆ ಕುಳಿತು ಒತ್ತುತ್ತಿದ್ದೆ. ಒಂದೋ ಸರಿ, ಇಲ್ಲವೇ ತಪ್ಪು. ಅರ್ಧ ಅಂಕಕ್ಕಾಗಿ ಗೋಗರೆಯುವವರಿಲ್ಲ. ಇಂಥ ವಸ್ತು ಮುರಿಯಬಹುದೆಂಬ ಯೋಚನೆಯೇ ನನಗೆ ಬರಲಿಲ್ಲ.

೨೦೧೯ರ ಡಿಸೆಂಬರಿನ ತಂಡದಲ್ಲಿ ಕುಸುಮಾವತಿಯವರು ಬಂದರು. ಕೋಣಂದೂರಿನವರು, ಹಿಂದಿನ ವರ್ಷವಷ್ಟೇ ಆಸ್ಪತ್ರೆಯ ಕೆಲಸದಿಂದ ನಿವೃತ್ತರು, ಅರವತ್ತೊಂದು ವಯಸ್ಸು. ಸೇವೆಯ ಮೊದಲ ವರ್ಷಗಳಲ್ಲಿ ಸೈಕಲ್ಲಿನಲ್ಲೇ ಹಳ್ಳಿ ಹಳ್ಳಿ ತಿರುಗಿ ಬಾಣಂತಿಯರನ್ನು ನೋಡಿಕೊಂಡವರು. ನೋಂದಣಿ ಅರ್ಜಿಯಲ್ಲಿ "ಪ್ರವಾಸದ ಉದ್ದೇಶ" ಎಂಬಲ್ಲಿ ಉಳಿದವರೆಲ್ಲ ಪ್ರಕೃತಿ ವೀಕ್ಷಣೆ, ಆರೋಗ್ಯ ಎಂದೆಲ್ಲ ಬರೆದರೆ ಇವರು ಬರೆದದ್ದು: "ಹಲಗೆ."

ಆ ಪ್ರವಾಸದಲ್ಲಿ ನಾನು ಎರಡು ತಪ್ಪು ಮಾಡಿದೆ. ಎರಡನ್ನೂ ಬಹಳ ಅಚ್ಚುಕಟ್ಟಾಗಿ ಮಾಡಿದೆ.

ಮೊದಲನೆಯದು: ಹಲಗೆಯ ಬಣ್ಣ ಒಣಗಲು ಎರಡು ದಿನ ಬೇಕು, ಸವಾರರು ಮರಳಿದ ಕೂಡಲೇ ಹಲಗೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಆದ್ದರಿಂದ ಹೊರಡುವ ಮುನ್ನವೇ ಹತ್ತೂ ಹೆಸರು ಬರೆದಿಟ್ಟೆ. ಯಾರಾದರೂ ಜೀಪು ಹತ್ತಿದರೆ? ಆ ಪ್ರಶ್ನೆಯನ್ನು ಹೂವಪ್ಪ ಕೇಳಿದ್ದ. "ಮಗು ಹುಟ್ಟೋ ಮೊದ್ಲೇ ಕುಲಾವಿ ಹೊಲಿಸ್ತೀರಲ್ಲ ಮಾರಾಯ್ರೆ" ಎಂದಿದ್ದ. ನಾನು ಪೂರ್ವಸಿದ್ಧತೆಯ ಮಹತ್ವವನ್ನು ಅವನಿಗೆ ವಿವರಿಸಿದ್ದೆ.

ಎರಡನೆಯದು ನಮ್ಮ ಸೀಮೆಯವರು ಮಾತ್ರ ಮಾಡಬಲ್ಲ ತಪ್ಪು. ಹೊನ್ನೆಮರಡಿನಲ್ಲಿ ಸಂಜೆ ಲಿವರುಗಳಿಗೆ ಎಣ್ಣೆ ಬಿಡಲು ಹೋದರೆ ಎಣ್ಣೆಯ ಡಬ್ಬಿ ಖಾಲಿ. ಹೂವಪ್ಪ ತನ್ನ ಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದುಕೊಟ್ಟ. ನಮ್ಮಲ್ಲಿ ಬಾಗಿಲ ತಿರುಗಣಿಯಿಂದ ಹಿಡಿದು ನೆತ್ತಿಯವರೆಗೆ ಎಲ್ಲದಕ್ಕೂ ಅದೇ ಎಣ್ಣೆ. ಹತ್ತು ಸೈಕಲ್ಲುಗಳ ಇಪ್ಪತ್ತು ಲಿವರುಗಳಿಗೂ ಎಣಿಸಿ ಮೂರು ಮೂರು ಹನಿ ಬಿಟ್ಟು, ನೆಮ್ಮದಿಯಿಂದ ಮಲಗಿದೆ.

ಬೆಳಗಿನ ಚಳಿಗೆ ಹೊನ್ನೆಮರಡಿನ ನೀರಿನ ಮೇಲೆ ಮಂಜು ಕೂತಿತ್ತು. ನಾನು ಸ್ನಾನಕ್ಕೆ ಮೊದಲು, ಗಟ್ಟಿಯಾಗಿದ್ದ ಎಣ್ಣೆ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿ ತಲೆಗೆ ಹಚ್ಚಿಕೊಂಡೆ. ಹಚ್ಚಿಕೊಂಡ ಆ ತಲೆಯೊಳಗೆ, ಲಿವರುಗಳಲ್ಲಿಯೂ ಅದೇ ಎಣ್ಣೆಯಿದೆ ಎಂಬುದು ಹೊಳೆಯಲಿಲ್ಲ.

"ಮೇಷ್ಟ್ರೇ, ನನ್ನ ಗೇರ್ ಬೀಳ್ತಾ ಇಲ್ಲ."

"ನಂದೂ ಇಲ್ಲ ಸಾರ್."

ಹತ್ತಕ್ಕೆ ಹತ್ತೂ ಮರಗಟ್ಟಿದ್ದವು. ಹೂವಪ್ಪ ಒಂದು ಲಿವರಿಗೆ ಬೆರಳು ತಾಗಿಸಿ ಮೂಸಿ ನೋಡಿ ನಕ್ಕ. "ಬಿಸ್ಲಿಗೆ ಇಡಿ ಮಾರಾಯ್ರೆ, ಹಪ್ಪಳ ಒಣಗ್ಸಿದ ಹಾಗೆ. ಕರಗ್ತದೆ." ಒಂಬತ್ತೂವರೆಯವರೆಗೆ ಹತ್ತು ಸೈಕಲ್ಲುಗಳು ದಂಡೆಯ ಮೇಲೆ ಬಿಸಿಲು ಕಾಯಿಸಿಕೊಂಡವು. ಒಂಬತ್ತು ಸರಿಹೋದವು. ಹತ್ತನೆಯದು ಕುಸುಮಾವತಿಯವರದು. ಅವರು ಬಿಸಿಲು ಬರುವವರೆಗೆ ಕಾಯಲಿಲ್ಲ. ಆಸ್ಪತ್ರೆಯಲ್ಲಿ ತೆರೆಯದ ಮುಚ್ಚಳಗಳನ್ನು ತೆರೆದು ಪಳಗಿದ್ದ ಬಲಗೈಯಿಂದ ಲಿವರನ್ನು ಒಮ್ಮೆ ಬಲವಾಗಿ ಒತ್ತಿದ್ದರು. ಟಕ್ ಎಂಬ ಸದ್ದೇನೋ ಬಂದಿತ್ತು. ಆದರೆ ಅದು ಒಳಗಿನ ಹಲ್ಲು ಮುರಿದ ಟಕ್.

ಪೆಟ್ಟಿಗೆಯಲ್ಲಿ ಬದಲಿ ಲಿವರು ಇರಲಿಲ್ಲ. ಚೈನು ಎಲ್ಲಕ್ಕಿಂತ ಕಷ್ಟದ ಗೇರಿನಲ್ಲಿ ಸಿಕ್ಕಿಕೊಂಡಿತ್ತು. ಅದೇ ಗೇರಿನಲ್ಲಿ ಅವರು ಮಧ್ಯಾಹ್ನದವರೆಗೆ ತುಳಿದರು, ಏರು ಬಂದಲ್ಲಿ ಇಳಿದು ನೂಕಿದರು. ಹೊಸನಗರ ಇನ್ನೂ ಎರಡು ಗಂಟೆಯ ದಾರಿ ಇರುವಾಗ ಕಾಲು ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ಕುಳಿತರು. ಜೀಪು ಹತ್ತುವಾಗ ಹೇಳಿದ್ದು ಇಷ್ಟೇ: "ಎಣ್ಣೆ ತಲೆಗೆ ಒಳ್ಳೇದು ಮೇಷ್ಟ್ರೇ."

ಮೂರನೆಯ ದಿನ ಶೆಡ್ಡಿಗೆ ಮರಳಿದಾಗ ಎಲ್ಲರ ಎದುರೇ ಅವರ ಹೆಸರಿನ ಮೇಲೆ ಬಿಳಿ ಬಣ್ಣ ಬಳಿಯಬೇಕಾಯಿತು. ಒಂದು ಕೋಟು ಸಾಲಲಿಲ್ಲ, ಎರಡು ಬಳಿದೆ. ಕುಸುಮಾವತಿಯವರು ಪಕ್ಕದಲ್ಲೇ ನಿಂತು ನೋಡಿದರು. "ಅಕ್ಷರ ಎಷ್ಟು ಚಂದ ಇತ್ತು. ಪಾಪ" ಎಂದರು. ಆ "ಪಾಪ" ಅಕ್ಷರಕ್ಕೋ ಅವರಿಗೋ ನನಗೋ ತಿಳಿಯಲಿಲ್ಲ. ಬಿಳಿಯ ಅಡಿಯಿಂದ ಹೆಸರು ಬೂದು ನೆರಳಾಗಿ ಕಾಣುತ್ತಲೇ ಇತ್ತು. ಪ್ರತಿದಿನ ಶೆಡ್ಡಿನ ಬೀಗ ತೆಗೆದಾಗ ಮೊದಲು ಕಾಣುತ್ತಿದ್ದುದು ಅದು.

ಬದಲಿ ಲಿವರಿನ ಶೋಧ ಅಂದಿನಿಂದ ಶುರುವಾಯಿತು. ಮೊದಲು, ಮುರಿದದ್ದರಂತೆಯೇ ಇರುವ ಇನ್ನೊಂದನ್ನು ತರಿಸಿದೆ. ಶೆಡ್ಡಿನಲ್ಲಿ ಜೋಡಿಸಿ ಪರೀಕ್ಷಿಸಿದೆ: ಹ್ಯಾಂಡಲ್ಲಿನ ಪಟ್ಟಿ ಬಿಚ್ಚಿ, ಬ್ರೇಕಿನ ಕೇಬಲ್ಲು ಕಳಚಿ, ಹಳೆಯ ಹಿಡಿ ತೆಗೆದು, ಹೊಸದನ್ನು ಕೂರಿಸಿ, ಪಟ್ಟಿ ಮತ್ತೆ ಸುತ್ತುವಷ್ಟರಲ್ಲಿ ಎರಡು ಗಂಟೆ ನಲವತ್ತು ನಿಮಿಷ. ಮೇಡಂ ಗಡಿಯಾರ ಹಿಡಿದು ಕುಳಿತಿದ್ದರು.

"ಮೇಷ್ಟ್ರೇ, ಅಷ್ಟೊತ್ತಿಗೆ ಅವರು ನಡ್ಕೊಂಡೇ ಹೋಗಿ, ಉಂಡು, ಒಂದು ನಿದ್ದೆ ತೆಗೆದಿರ್ತಾರೆ."

ನಂತರ ಹೆಬ್ಬೆರಳಿನಿಂದ ಒತ್ತುವ ಚಿಕ್ಕ ಲಿವರುಗಳನ್ನು ಆರಿಸಿದೆ. ಹ್ಯಾಂಡಲ್ಲಿನ ಮೇಲ್ಭಾಗಕ್ಕೆ ಒಂದೇ ತಿರುಪಿನಿಂದ ಬಿಗಿಯಬಹುದು. ಅವಕ್ಕೂ ಟಕ್ ಇದೆ. ಬಲಗೈಗೆ ಆರು, ಎಡಗೈಗೆ ಆರು, ಒಟ್ಟು ಹನ್ನೆರಡು ತರಿಸಿದೆ. ಜೋಡಿ ಎಂದರೆ ಜೋಡಿ. ನಿವೃತ್ತನಾಗುವ ದಿನ ಆ ಎಡಗೈಯ ಆರೂ ಅಂಗಡಿಯ ಕಾಗದದಲ್ಲಿಯೇ ಇದ್ದವು. ಎಡಗೈ ದಿನಕ್ಕೆ ಹತ್ತು ಸಲ ಕೆಲಸ ಮಾಡಿದರೆ ಬಲಗೈ ನೂರು ಸಲ ಮಾಡುತ್ತದೆ. ಮುರಿಯುವುದು ದುಡಿಯುವ ಕೈಯದೇ. ಇದನ್ನು ತಿಳಿಯಲು ಸೈಕಲ್ಲೇ ಬೇಕೆಂದೇನೂ ಇರಲಿಲ್ಲ.

ಅದೇ ಸಮಯದಲ್ಲಿ ಮೇಡಂ ಶಿವಮೊಗ್ಗದ ಒಂದು ಹಳೆಯ ಅಂಗಡಿಯಿಂದ ಇನ್ನೊಂದು ಬಗೆಯ ಲಿವರುಗಳ ಗೊಂಚಲು ತಂದರು. ಅವಕ್ಕೆ ಟಕ್ ಇಲ್ಲ. ಎಳೆದಷ್ಟು ಬರುತ್ತದೆ, ಬಿಟ್ಟಲ್ಲಿ ಬಿಗಿಯಾಗಿ ನಿಲ್ಲುತ್ತದೆ. ನಾನು ಅನುಮಾನದಿಂದ ತಿರುಗಿಸಿ ನೋಡುತ್ತಿದ್ದಾಗ ಹೂವಪ್ಪ ಬೋಧನೆಗೆ ನಿಂತ.

"ಇದ್ರಲ್ಲಿ ಟಕ್ ಗಿಕ್ ಎಂತದೂ ಇಲ್ಲ ಮೇಷ್ಟ್ರೇ. ಹಿಂಗೆ ಎಳೀತಾ ಹೋಗೋದು."

"ಎಲ್ಲಿ ನಿಲ್ಲಿಸಬೇಕು?"

"ಸರಿಯಾದಲ್ಲಿ."

"ಸರಿಯಾದದ್ದು ಎಲ್ಲಿ?"

"ಎಲ್ಲಿ ಚೈನಿನ ಕರಕರ ನಿಲ್ತದೋ ಅಲ್ಲಿ."

ನನ್ನ ತರಗತಿಯಲ್ಲಿ ಇಂಥ ಉತ್ತರಕ್ಕೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಗೊಂಚಲನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಒಂದನ್ನು ಮಾತ್ರ ಹೂವಪ್ಪ ಬೇಡಿ ತೆಗೆದುಕೊಂಡು, ಜೀಪಿನೊಳಗೆ ತಲೆಯ ಮೇಲಿನ ಸರಳಿಗೆ ಬಿಗಿದು, ತನ್ನ ಊಟದ ಡಬ್ಬಿ ತೂಗುಹಾಕುವ ಕೊಕ್ಕೆ ಮಾಡಿಕೊಂಡ. ಲಿವರನ್ನು ಎತ್ತಿದರೆ ಡಬ್ಬಿ ಜಾರುವುದಿಲ್ಲ, ಇಳಿಸಿದರೆ ಕೈಗೆ ಬರುತ್ತದೆ. "ಇದಕ್ಕೇ ಮಾಡಿದ ಹಾಗಿದೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

೨೦೨೧ರ ಡಿಸೆಂಬರಿನಲ್ಲಿ ಕುಸುಮಾವತಿಯವರು ಎರಡನೆಯ ಸಲ ಬಂದರು. ಈ ಸಲ ಅವರ ಹೆಸರನ್ನು ಮುಂಚಿತವಾಗಿ ಬರೆಯಲಿಲ್ಲ. ಬೂದು ನೆರಳು ಹೇಗೂ ಇತ್ತು. ಪೆಟ್ಟಿಗೆಯಲ್ಲಿ ಹನ್ನೆರಡು ಲಿವರುಗಳಿದ್ದವು, ನನ್ನ ಮುಖದಲ್ಲಿ ಆತ್ಮವಿಶ್ವಾಸವಿತ್ತು.

ಇಲ್ಲಿ ನನ್ನ ಇನ್ನೊಂದು ಅಚ್ಚುಕಟ್ಟುತನವನ್ನು ಹೇಳಬೇಕು. ಲಾಕ್‌ಡೌನಿನ ಸಮಯದಲ್ಲಿ ಎಂಟು ಬಿಲ್ಲೆಗಳ ಸೆಟ್ಟು ಸಿಗದೆ ಎರಡು ಸೈಕಲ್ಲುಗಳಿಗೆ ಒಂಬತ್ತರ ಸೆಟ್ಟನ್ನು ಅದರದೇ ಲಿವರಿನ ಸಮೇತ ಹಾಕಿದ್ದೆ. ನಾಲ್ಕು ಮತ್ತು ಹನ್ನೊಂದನೆಯ ನಂಬರಿನವು ಎಂದು ದಾಖಲೆಪುಸ್ತಕದಲ್ಲಿ ಬರೆದೂ ಇದ್ದೆ. ಆ ಮೇಲೆ ಬಿಡುವಿತ್ತು. ಸೈಕಲ್ಲುಗಳು ಎತ್ತರದ ಪ್ರಕಾರ ನಿಂತಿಲ್ಲವೆಂಬುದು ಕಣ್ಣಿಗೆ ಚುಚ್ಚುತ್ತಿತ್ತು. ಎಲ್ಲವನ್ನೂ ಬೆಳಗಿನ ಪ್ರಾರ್ಥನೆಯ ಸಾಲಿನಂತೆ ಗಿಡ್ಡದಿಂದ ಉದ್ದಕ್ಕೆ ನಿಲ್ಲಿಸಿ, ಹೊಸ ನಂಬರು ಬರೆದೆ. ಪುಸ್ತಕದಲ್ಲಿ ಹಳೆಯ ನಂಬರುಗಳೇ ಉಳಿದವು.

ಎರಡನೆಯ ದಿನ ಕೋಣಂದೂರಿಗೆ ಮೊದಲು ಸಿಗುವ ಒಂದು ಏರಿನಲ್ಲಿ ಕುಸುಮಾವತಿಯವರ ಬಲ ಲಿವರಿನೊಳಗೆ ಕೇಬಲ್ಲು ಎಳೆ ಬಿಚ್ಚಿಕೊಂಡು ಸಿಕ್ಕಿಹಾಕಿಕೊಂಡಿತು. ನಾನು ಸಂತೋಷವನ್ನು ಮುಚ್ಚಿಟ್ಟುಕೊಂಡು ಪೆಟ್ಟಿಗೆ ತೆರೆದೆ. ಹೊಸ ಲಿವರು ಕೂರಿಸಿದೆ. ಮೊದಲ ಮೂರು ಗೇರು ಸರಿ, ನಾಲ್ಕನೆಯದರಲ್ಲಿ ಕರಕರ, ಐದರಲ್ಲಿ ಚೈನು ಎರಡು ಬಿಲ್ಲೆಗಳ ನಡುವೆ ಅನಾಥ. ತಿರುಪು ಬಿಗಿದೆ, ಸಡಿಲಿಸಿದೆ, ಕೇಬಲ್ಲು ಬದಲಿಸಿದೆ. ಒಂದೂವರೆ ಗಂಟೆ ಕಳೆಯಿತು. ಪಕ್ಕದ ಕಲ್ಲಿನ ಮೇಲೆ ಕುಳಿತು ಸೌತೆಕಾಯಿ ತಿನ್ನುತ್ತಿದ್ದ ಕುಸುಮಾವತಿಯವರು ಬಗ್ಗಿ ನೋಡಿದರು.

"ಮೇಷ್ಟ್ರೇ, ಒಂದು ಕೇಳ್ಲಾ? ಆ ಲಿವರಿಗೆ ಎಷ್ಟು ಟಕ್ಕು?"

"ಎಂಟು ಗೇರಿನದು."

"ಇಲ್ಲಿ ಒಂಬತ್ತು ಬಿಲ್ಲೆ ಇದಾವಲ್ಲ."

ಎಣಿಸಿದೆ. ಒಂಬತ್ತಿದ್ದವು. ಮತ್ತೊಮ್ಮೆ ಎಣಿಸಿದರೂ ಒಂಬತ್ತೇ. ಎಂಟರ ಲಿವರಿನ ಒಂದು ಹೆಜ್ಜೆ ಒಂಬತ್ತರ ಸೆಟ್ಟಿಗೆ ದೊಡ್ಡದಾಗುತ್ತದೆ. ಎಷ್ಟು ತಿರುಪಿದರೂ ಹೊಂದುವುದಿಲ್ಲ. ಹೊತ್ತು ಇಳಿಯುತ್ತಿತ್ತು. ಮೇಡಂ ಫೋನಿನಲ್ಲಿ "ಕತ್ತಲಲ್ಲಿ ಕಾಡಿನ ದಾರಿ ಬೇಡ, ಹತ್ತಿಸ್ಕೊಳ್ಳಿ" ಎಂದರು. ಅದು ಸರಿಯಾದ ಮಾತೇ. ಆದರೆ ಕುಸುಮಾವತಿಯವರ ಇಬ್ಬರು ಹಳೆಯ ಸಹೋದ್ಯೋಗಿಗಳು ಕೋಣಂದೂರಿನ ಎಳನೀರಿನ ಅಂಗಡಿಯ ಮುಂದೆ ಮಧ್ಯಾಹ್ನದಿಂದ ಕಾಯುತ್ತಿದ್ದರು. ತಮ್ಮೂರಿಗೆ ಅವರು ಜೀಪಿನ ಹಿಂದಿನ ಸೀಟಿನಲ್ಲಿ ಬಂದಿಳಿದರು. ಎಳನೀರು ಕುಡಿಯುತ್ತಿರುವಾಗ ಗೆಳತಿಯೊಬ್ಬರು, "ಅಲ್ಲೇ ಕುಸುಮಾ, ಸೈಕಲ್ ಸವಾರಿ ಅಂದಿದ್ಯಲ್ಲ, ಸೈಕಲ್ಲೇ ಜೀಪಿನ ಮೇಲೆ ಸವಾರಿ ಮಾಡ್ತಾ ಇದೆ" ಎಂದರು. ಎಲ್ಲರೂ ನಕ್ಕರು. ಕುಸುಮಾವತಿಯವರೂ ನಕ್ಕರು. ನಾನು ಟೈರಿನ ಗಾಳಿ ನೋಡುವ ನೆಪದಲ್ಲಿ ಜೀಪಿನ ಹಿಂದೆ ಹೋದೆ.

ಈ ಎರಡು ವರ್ಷಗಳಲ್ಲಿ ಒಂದು ಒಳ್ಳೆಯ ಪದ್ಧತಿಯನ್ನಂತೂ ಕಲಿತೆ, ಅದನ್ನು ಕಿರಿಯರು ಗಮನಿಸಬೇಕು. ಕೆಟ್ಟ ಲಿವರನ್ನು ದಾರಿಯಲ್ಲಿ ಬಿಚ್ಚಬೇಡಿ. ಗೇರು ಸತ್ತಿದ್ದರೂ ಅದರ ಬ್ರೇಕು ಬದುಕಿರುತ್ತದೆ. ಅದನ್ನು ಅಲ್ಲಿಯೇ ಬಿಟ್ಟು, ಗೇರಿನ ಕೇಬಲ್ಲನ್ನು ಮಾತ್ರ ತೆಗೆದು ಹೊಸ ಲಿವರಿಗೆ ಸೇರಿಸಿ. ಕೆಟ್ಟದ್ದನ್ನು ಕಿತ್ತ ಹೊರತು ಹೊಸದನ್ನು ಕೂರಿಸಬಾರದೆಂಬ ನನ್ನ ಹಟವೇ ಎಷ್ಟೋ ಗಂಟೆಗಳನ್ನು ತಿಂದಿತ್ತು. ಹಟ ಬಿಟ್ಟ ಮೇಲೆ ಹನ್ನೆರಡು ನಿಮಿಷದ ಕೆಲಸವಾಯಿತು.

೨೦೨೩ರ ಡಿಸೆಂಬರಿನಲ್ಲಿ ಕುಸುಮಾವತಿಯವರು ಮೂರನೆಯ ಸಲ ಬಂದರು. ಅರವತ್ತೈದು ತುಂಬಿತ್ತು. ಶೆಡ್ಡಿಗೆ ಬಂದವರೇ ಹಲಗೆಯ ಮುಂದೆ ನಿಂತು ಬೂದು ನೆರಳನ್ನು ನೋಡಿ, "ಇನ್ನೂ ಇದೀಯಾ?" ಎಂದು ಅದನ್ನೇ ಮಾತಾಡಿಸಿದರು. ಆ ಮೇಲೆ ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಮಂಡಿ ಡಾಕ್ಟ್ರು ಹೇಳಿದಾರೆ, ಇಂಥದ್ದು ಇದೇ ಕೊನೆ ಅಂತ. ಎಣ್ಣೆ ಯಾವ್ದು?"

"ಮಿಷನ್ನಿನ ಎಣ್ಣೆ."

"ಬಿಲ್ಲೆ ಎಷ್ಟು?"

"ಎಂಟು. ಮೂರು ಸಲ ಎಣಿಸಿದ್ದೇನೆ."

"ನಾನೂ ಒಂದ್ಸಲ ಎಣಿಸ್ತೀನಿ" ಎಂದು ಕುಕ್ಕರುಗಾಲಿನಲ್ಲಿ ಕುಳಿತು ಎಣಿಸಿಯೇ ಎದ್ದರು.

ಮೊದಲ ದಿನ ನಿರ್ವಿಘ್ನ. ಎರಡನೆಯ ದಿನ ಮಧ್ಯಾಹ್ನ ಒಂದೂವರೆಗೆ, ಕೋಣಂದೂರು ಇನ್ನೂ ಹದಿನಾಲ್ಕು ಕಿಲೋಮೀಟರ್ ಇರುವಾಗ, ಒಂದು ತಿರುವಿನಲ್ಲಿ ಎಮ್ಮೆಯೊಂದು ರಸ್ತೆಯನ್ನು ಅರ್ಧ ದಾಟಿ ಉಳಿದರ್ಧದ ಬಗ್ಗೆ ಯೋಚಿಸುತ್ತ ನಿಂತಿತ್ತು. ಕುಸುಮಾವತಿಯವರು ಅದನ್ನು ತಪ್ಪಿಸಲು ಹೋಗಿ ಜಲ್ಲಿಯ ಮೇಲೆ ಬಲಕ್ಕೆ ಉರುಳಿದರು. ನಾವು ಜೀಪಿನಿಂದ ಇಳಿಯುವಷ್ಟರಲ್ಲಿ ಎದ್ದು ಕುಳಿತು, ತಮ್ಮ ಮೊಣಕೈಗೆ ತಾವೇ ಔಷಧ ಹಚ್ಚಿ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. "ನನಗೆ ಎಂತ ಆಗ್ಲಿಲ್ಲ. ಅದನ್ನ ನೋಡಿ" ಎಂದು ಸೈಕಲ್ಲಿನತ್ತ ಕಣ್ಣು ಮಾಡಿದರು.

ಬಲ ಲಿವರು ಒಡೆದಿತ್ತು. ಹನ್ನೆರಡು ನಿಮಿಷದಲ್ಲಿ ಎಂಟರ ಬದಲಿ ಲಿವರು ಕೂರಿಸಿದೆ. ಹಿಂದಿನ ಚಕ್ರವನ್ನು ಎತ್ತಿ ಪೆಡಲು ತಿರುಗಿಸಿದರೆ, ಎಲ್ಲ ಗೇರಿನಲ್ಲಿಯೂ ಕರಕರ. ಬಗ್ಗಿ ನೋಡಿದೆ: ಚೈನನ್ನು ಬಿಲ್ಲೆಯಿಂದ ಬಿಲ್ಲೆಗೆ ದೂಡುವ ತೋಳು ಬಿದ್ದ ಏಟಿಗೆ ಬುಡದಲ್ಲೇ ಒಳಕ್ಕೆ ಬಾಗಿತ್ತು. ಕೈಯಿಂದ ಸ್ವಲ್ಪ ನೆಟ್ಟಗೆ ಮಾಡಿದೆ. ಇನ್ನೂ ಎಳೆದರೆ ಬುಡವೇ ಮುರಿದು ಕೈಗೆ ಬರುತ್ತದೆ. ತೋಳು ಸೊಟ್ಟಗಿದ್ದರೆ ಅಳತೆಯ ಟಕ್ಕುಗಳು ಒಂದೂ ತಾಳೆಯಾಗುವುದಿಲ್ಲ. ಲಿವರು ಸರಿ, ಸಂಖ್ಯೆ ಸರಿ, ಎಣ್ಣೆ ಸರಿ. ಉತ್ತರ ಮಾತ್ರ ತಪ್ಪು. ನಾನು ಸೈಕಲ್ಲನ್ನು ಜೀಪಿಗೆ ಒರಗಿಸಿದೆ. ಜೀಪಿನ ಹಿಂದಿನ ಬಾಗಿಲು ತೆರೆದೆ.

ಕುಸುಮಾವತಿಯವರು ತೆರೆದ ಬಾಗಿಲನ್ನೂ ನನ್ನನ್ನೂ ನೋಡಿದರು. ಎದ್ದೇಳಲಿಲ್ಲ.

ಹೂವಪ್ಪ ತನ್ನ ಊಟದ ಡಬ್ಬಿಯನ್ನು ಕೊಕ್ಕೆಯಿಂದ ತೆಗೆದು ಸೀಟಿನ ಮೇಲಿಟ್ಟ. ಸ್ಪ್ಯಾನರು ಹಿಡಿದು ಸರಳಿನಿಂದ ಆ ಕೊಕ್ಕೆಯನ್ನೇ ಬಿಚ್ಚತೊಡಗಿದ.

"ಹೂವಪ್ಪ, ಅದಕ್ಕೆ ಟಕ್ ಇಲ್ಲ" ಎಂದೆ.

"ಟಕ್ ಇರೋದು ಹಾಕಿ ನೋಡಿದ್ರಲ್ಲ ಮಾರಾಯ್ರೆ. ಎರಡು ವರ್ಷ ನನ್ನ ಅನ್ನ ಹೊತ್ತಿದೆ ಇದು, ಅಕ್ಕನ್ನ ಹೊರದಾ?"

ಕೂರಿಸಿದೆ. ಲಿವರಿನ ಸಂದಿನಲ್ಲಿ ಉಪ್ಪಿನಕಾಯಿಯ ಎಣ್ಣೆಯಿತ್ತು. "ಕುಸುಮಾವತಿಯವರೇ, ಇದರಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಗುರುತಿಲ್ಲ. ನೀವು ಅಂದಾಜಿನಲ್ಲಿ..." ಎಂದು ನಾನು ಕ್ಷಮಾಪಣೆಯ ಧ್ವನಿಯಲ್ಲಿ ಆರಂಭಿಸಿದೆ. ಅವರು ಎದ್ದು ಬಂದು ಹೆಬ್ಬೆರಳನ್ನು ಅದರ ಮೇಲಿಟ್ಟು ಆಚೀಚೆ ಸರಿಸಿದರು. ಮುಖ ಅರಳಿತು.

"ಅಯ್ಯೋ, ಇದು ಡ್ರಿಪ್ಪಿನ ಚಕ್ರ ಅಲ್ವಾ!"

"ಏನು?"

"ಸಲೈನ್ ಹಾಕ್ವಾಗ ಪೈಪಿನಲ್ಲಿ ಸಣ್ಣ ಚಕ್ರ ಇರುತ್ತಲ್ಲ ಮೇಷ್ಟ್ರೇ. ನಿಮಿಷಕ್ಕೆ ಇಷ್ಟು ಹನಿ ಅಂತ ಡಾಕ್ಟ್ರು ಬರೆದು ಹೋಗೋರು. ಹನಿ ನೋಡ್ತಾ ಹೆಬ್ಬೆಟ್ಟಲ್ಲಿ ಇಷ್ಟಿಷ್ಟೇ ಸರಿಸೋದು. ಅದ್ರಲ್ಲಿ ಎಲ್ಲಿತ್ತು ನಿಮ್ಮ ಟಕ್ಕು? ಪೆಡಲು ತಿರುಗ್ಸಿ, ನೋಡಾಣ."

ನಾನು ಪೆಡಲು ತಿರುಗಿಸಿದೆ. ಅವರು ಕಣ್ಣು ಮುಚ್ಚಿ ಕಿವಿ ಕೊಟ್ಟು ಹೆಬ್ಬೆರಳು ಸರಿಸಿದರು. ಕರಕರ, ಕರಕರ, ಕೂದಲೆಳೆಯಷ್ಟು ಹಿಂದಕ್ಕೆ, ನಿಶ್ಶಬ್ದ. ಮತ್ತೊಂದು ಬಿಲ್ಲೆ, ಕರಕರ, ನಿಶ್ಶಬ್ದ. ಸೊಟ್ಟ ತೋಳು ಸೊಟ್ಟಗೇ ಇತ್ತು. ಅದರ ಸೊಟ್ಟನ್ನು ಆ ಹೆಬ್ಬೆರಳು ಪ್ರತಿಸಲ ಸರಿದೂಗಿಸುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಬಿಲ್ಲೆಗೆ ಹೋದರೆ ತೋಳು ಚಕ್ರದ ಕಡ್ಡಿಗಳಿಗೆ ಸಿಗುವ ಅಪಾಯವಿದ್ದುದರಿಂದ ತಡೆಯುವ ತಿರುಪನ್ನು ಬಿಗಿದು ಆ ಒಂದು ಗೇರನ್ನು ಮುಚ್ಚಿದೆ. ಎಂಟರಲ್ಲಿ ಏಳು ಉಳಿದವು.

ಜೀಪಿನ ಮೇಲಿದ್ದ ಹೆಚ್ಚುವರಿ ಸೈಕಲ್ಲನ್ನು ಇಳಿಸಿಕೊಂಡು ನಾನೂ ಅವರ ಹಿಂದೆ ಹೊರಟೆ. ನೆರವಾಗಲಿ ಎಂದು ಮೊದಲ ಏರಿನಲ್ಲಿ ಕೂಗಿದೆ: "ಸ್ವಲ್ಪ ಹಿಂದಕ್ಕೆ... ಸಾಕು... ಇಲ್ಲ, ಇನ್ನೊಂದು ಚೂರು ಮುಂದಕ್ಕೆ..."

"ಮೇಷ್ಟ್ರೇ!"

"ಏನು?"

"ಸುಮ್ನಿರ್ತೀರಾ? ನಿಮ್ಮ ಗಲಾಟೇಲಿ ಚೈನ್ ಕೇಳ್ತಾ ಇಲ್ಲ."

ಆ ಮೇಲೆ ಹದಿನಾಲ್ಕು ಕಿಲೋಮೀಟರ್ ನಾನು ಬಾಯಿ ಬಿಡಲಿಲ್ಲ. ನನ್ನ ಶಿಷ್ಯರು ಯಾರೂ ನಂಬಲಾರರು.

ಕೋಣಂದೂರಿನ ಎಳನೀರಿನ ಅಂಗಡಿಯ ಮುಂದೆ ಅದೇ ಇಬ್ಬರು ಗೆಳತಿಯರು. "ಜೀಪೆಲ್ಲಿ ಕುಸುಮಾ?" ಎಂದು ಅದೇ ಗೆಳತಿ ಕೇಳಿದರು.

"ಹಿಂದೆ ಬರ್ತಾ ಇದೆ, ಸುಸ್ತಾಗಿದೆ ಅದಕ್ಕೆ" ಎಂದರು ಕುಸುಮಾವತಿಯವರು, ಒಂದು ಕಾಲು ಮಾತ್ರ ನೆಲಕ್ಕೂರಿ. ಕೊಕ್ಕೆ ಕಳೆದುಕೊಂಡ ಹೂವಪ್ಪ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕೂಸನ್ನು ಆಸ್ಪತ್ರೆಗೆ ಒಯ್ಯುವವನಂತೆ ನಿಧಾನವಾಗಿ ಜೀಪು ನಡೆಸಿಕೊಂಡು ಬಂದ. ಬೆಳಕಿರುವಾಗಲೇ ತೀರ್ಥಹಳ್ಳಿ ಸೇರಿದೆವು. ಮರುದಿನ ಏಳು ಗೇರಿನಲ್ಲಿಯೇ ಆಗುಂಬೆ. ಕೊನೆಯ ಏರುಗಳಲ್ಲಿ ಎಂಟನೆಯದು ಬೇಕಾಗಿತ್ತು. ಇಲ್ಲವಾದ್ದರಿಂದ ಅವರು ಪೆಡಲಿನ ಮೇಲೆ ಎದ್ದುನಿಂತು ತುಳಿದರು. ಹನ್ನೊಂದೂವರೆಗೆ ಆಗುಂಬೆಯ ವೃತ್ತದಲ್ಲಿ ಬ್ರೇಕು ಹಾಕಿದರು. ಒಡೆದ ಲಿವರಿನ ಬ್ರೇಕು ಅದು, ಚೆನ್ನಾಗಿಯೇ ಹಿಡಿಯಿತು. ಸೈಕಲ್ಲಿನಿಂದ ಇಳಿದು, ನೀರು ಕುಡಿದು, ಬಹಳ ವಿನಯದಿಂದ ಕೇಳಿದರು:

"ಈಗ ಜೀಪು ಹತ್ತಬೋದಾ ಮೇಷ್ಟ್ರೇ?"

ಸಾಗರಕ್ಕೆ ಮರಳಿದಾಗ ನಾಲ್ಕೂವರೆ. ಮೇಡಂ ಶೆಡ್ಡಿನ ಬಾಗಿಲಲ್ಲಿ ಕಾಯುತ್ತಿದ್ದರು. ನಾನು ವಿವರವಾದ ವರದಿ ಒಪ್ಪಿಸಿದೆ. ಅವರು ಕೊನೆಯವರೆಗೆ ಕೇಳಿ, "ಹಂಗಾದ್ರೆ ಅಟ್ಟದ ಮೇಲಿರೋ ಗೋಣಿಚೀಲ ಇಳಿಸಿ. ಯಾಕೆ ಇಳಿಸಿದ್ವಿ ಅಂತ ಮುಂದೆ ಬರೋರಿಗೆ ಬರೆದೂ ಇಡಿ" ಎಂದರು. ಚೀಲ ಆ ಸಂಜೆಯೇ ಇಳಿಯಿತು, ಬರೆದಿಟ್ಟದ್ದು ಇದು. ಎಂಟಿರಲಿ ಒಂಬತ್ತಿರಲಿ, ತೋಳು ನೆಟ್ಟಗಿರಲಿ ಸೊಟ್ಟಗಿರಲಿ, ಬಲಗೈಯಾಗಲಿ ಎಡಗೈಯಾಗಲಿ, ಟಕ್ ಇಲ್ಲದ ಹೆಬ್ಬೆರಳಿನ ಲಿವರು ಎಲ್ಲದಕ್ಕೂ ಒದಗುತ್ತದೆ. ಪೆಟ್ಟಿಗೆಯಲ್ಲಿ ಅಂಥವು ಮೂರಿದ್ದರೆ ಸಾಕು. ನಾಲ್ಕನೆಯದನ್ನು ಚಾಲಕರ ಊಟದ ಡಬ್ಬಿಗೆ ಬಿಡಿ. ಹೂವಪ್ಪನಿಗೆ ಆ ದಿನವೇ ಹೊಸದೊಂದನ್ನು ಕೊಡಬೇಕಾಯಿತು. ಹೊರಡುವ ಮುನ್ನ ಪ್ರತಿ ಸವಾರರಿಗೂ ಅದರ ಮೇಲೆ ಹೆಬ್ಬೆರಳು ಇಡಿಸಿ, ಕಿವಿ ಕೊಡಲು ಹೇಳಿ. ಆ ಮೇಲೆ ನೀವು ಸುಮ್ಮನಿರಿ.

ನಾನು ಕಪ್ಪು ಬಣ್ಣದ ಡಬ್ಬಿ ತೆರೆದು, ನಂಬರ್ ಎರಡರ ಕುಂಚ ತೊಳೆದುಕೊಂಡು, ಹಲಗೆಯಲ್ಲಿ ಖಾಲಿ ಜಾಗ ನೋಡಿದೆ.

"ಹೊಸದಾಗಿ ಬರೀಬೇಡಿ" ಎಂದರು ಕುಸುಮಾವತಿಯವರು. "ಮುಚ್ಚಿದ್ದನ್ನ ತೆಗೀರಿ."

ಬ್ಲೇಡು ತಂದೆ. ಅವಮಾನದ ಆತುರದಲ್ಲಿ ಬಳಿದ ಬಣ್ಣ ಗಟ್ಟಿಯಾಗಿ ಹಿಡಿದಿರಲಿಲ್ಲ. ಅಂಚಿಗೆ ಬ್ಲೇಡು ತಾಗಿಸಿದರೆ ಎರಡೂ ಕೋಟು ಸಿಪ್ಪೆಯಂತೆ ಎದ್ದು ಬಂದವು. ಒಂದೊಂದೇ ಅಕ್ಷರ ಹೊರಬಂತು. ನಾಲ್ಕು ವರ್ಷ ಬೆಳಕು ಕಾಣದ್ದರಿಂದ ಹಲಗೆಯ ಮೇಲಿನ ಬೇರೆಲ್ಲ ಹೆಸರಿಗಿಂತ ಕಪ್ಪಗಿತ್ತು. ಕುಸುಮಾವತಿಯವರು ಅದರ ಮೇಲೆ ಹೆಬ್ಬೆರಳು ಸವರಿ, ಉಳಿದ ಬಿಳಿಯ ಚೂರೊಂದನ್ನು ಉಗುರಿನಿಂದ ತೆಗೆದರು. ಬರೆಯುವ ಕೆಲಸ ನನಗೆ ಉಳಿದದ್ದು ಹೆಸರಿನ ಕೆಳಗಿನ ಒಂದು ಸಾಲು ಮಾತ್ರ. ಈ ಸಲ ಮುಂಚಿತವಾಗಿ ಅಲ್ಲ, ಆ ದಿನವೇ ಬರೆದೆ: ೧೭ ಡಿಸೆಂಬರ್ ೨೦೨೩, ಭಾನುವಾರ.